ಪ್ರಬಲ ಬಲ ಎಷ್ಟು ಕುಗ್ಗುತ್ತದೆ? ನೀವೇ ಲೆಕ್ಕ ಹಾಕಿ

ಕ್ವಾರ್ಕ್‌ಗಳನ್ನು ಪ್ರೋಟಾನಿನೊಳಗೆ ಬಿಗಿದಿಟ್ಟಿರುವ ಪ್ರಬಲ ಬಲ, ಡಿಕ್ಕಿ ಜೋರಾದಷ್ಟೂ ಸಡಿಲವಾಗುತ್ತದೆ. ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ 1973ರಲ್ಲಿ ಕಂಡುಕೊಂಡ ಈ ಸತ್ಯಕ್ಕೆ 2004ರಲ್ಲಿ ನೊಬೆಲ್ ಬಂತು. ಎಷ್ಟು ಸಡಿಲ ಎಂದು ತಿಳಿಯಲು ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಸಾಕು.

ಮೊದಲು ಶಕ್ತಿಯನ್ನು ಆರಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ: ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಎಲ್‌ಎಚ್‌ಸಿಯ 13,600 ಜಿಇವಿಯನ್ನೇ (ಗಿಗಾ ಎಲೆಕ್ಟ್ರಾನ್‌ವೋಲ್ಟ್, ಕಣಗಳ ಶಕ್ತಿಯ ಅಳತೆ) ಹಾಕಿಬಿಡುತ್ತಾರೆ. ಅದು ಇಡೀ ಪ್ರೋಟಾನ್‌ಗಳ ಶಕ್ತಿ. ನಿಜವಾಗಿ ಗುದ್ದಾಡುವ ಕ್ವಾರ್ಕ್ ಮತ್ತು ಗ್ಲೂಆನ್‌ಗಳ (ಪ್ರಬಲ ಬಲವನ್ನು ಹೊತ್ತೊಯ್ಯುವ ಕಣಗಳು) ಪಾಲಿಗೆ ಬರುವುದು ಅದರ ಒಂದಂಶ ಮಾತ್ರ. ಹಾಗಾಗಿ ಹೊರಚಿಮ್ಮುವ ಜೆಟ್‌ಗೆ (ಒಂದೇ ದಿಕ್ಕಿನಲ್ಲಿ ಹಾರುವ ಕಣಗಳ ಗುಂಪು) ಕಿರಣದ ಅಡ್ಡದಿಕ್ಕಿನಲ್ಲಿರುವ ಸಂವೇಗವನ್ನು ತೆಗೆದುಕೊಳ್ಳಿ. ಅದು 1,000 ಜಿಇವಿ ಎಂದಿಟ್ಟುಕೊಳ್ಳೋಣ.

ಆರಂಭದ ಬೆಲೆ 0.118. ಇದು ದುರ್ಬಲ ಬಲವನ್ನು ಹೊತ್ತೊಯ್ಯುವ ಜೆಡ್ ಕಣದ ದ್ರವ್ಯರಾಶಿಯಾದ 91.19 ಜಿಇವಿಯಲ್ಲಿ ಪ್ರಬಲ ಬಲದ ತೀವ್ರತೆ. 1,000ವನ್ನು 91.19ರಿಂದ ಭಾಗಿಸಿ, ‘ಎಲ್‌ಎನ್’ ಗುಂಡಿ ಒತ್ತಿ, ಎರಡರಿಂದ ಗುಣಿಸಿ: 4.79. (‘ಲಾಗ್’ ಗುಂಡಿ ಒತ್ತಿದರೆ ಉತ್ತರ ಸುಮಾರು 2.08 ಬಂದು ಲೆಕ್ಕವೆಲ್ಲ ಕೆಡುತ್ತದೆ.)

ಈಗ ಗುಣಾಂಕ. 33ರಿಂದ ಕ್ವಾರ್ಕ್ ಬಗೆಗಳ ಸಂಖ್ಯೆಯ ಎರಡರಷ್ಟನ್ನು ಕಳೆದು, 12 ಪೈನಿಂದ ಭಾಗಿಸಬೇಕು. ಐದು ಬಗೆ ಎಂದರೆ 23ನ್ನು 37.7ರಿಂದ ಭಾಗಿಸಿದಂತೆ, 0.61. ಈ 33 ಗ್ಲೂಆನ್‌ಗಳ ಕೊಡುಗೆ. ಗ್ಲೂಆನ್‌ಗಳು ತಮ್ಮತಮ್ಮಲ್ಲೇ ಸೆಣಸುತ್ತವೆ, ಬೆಳಕಿನ ಕಣಗಳಾದ ಫೋಟಾನ್‌ಗಳಿಗೆ ಆ ಗುಣವಿಲ್ಲ. ಬಲ ಕುಗ್ಗುವ ಗುಟ್ಟೆಲ್ಲ ಈ ಒಂದು ಅಂಕಿಯಲ್ಲಿದೆ. ಕ್ವಾರ್ಕ್‌ಗಳಷ್ಟೇ ಇದ್ದಿದ್ದರೆ ಚಿಹ್ನೆ ತಿರುಗಿ ಬಲ ಏರುತ್ತಿತ್ತು.

0.118, 0.61 ಮತ್ತು 4.79 ಗುಣಿಸಿ, 1 ಕೂಡಿಸಿ: 1.345. ಇದರಿಂದ 0.118ನ್ನು ಭಾಗಿಸಿದರೆ 0.088. ಕಾಲು ಭಾಗ ಇಳಿಯಿತು.

ಕೆಳಮುಖವಾಗಿ ಹೋಗುವಾಗ ಜೋಪಾನ. 10 ಜಿಇವಿಗೆ 0.173 ಸಿಗುತ್ತದೆ, ಪರವಾಗಿಲ್ಲ. ಎಲೆಕ್ಟ್ರಾನಿನ ಭಾರವಾದ ಬಂಧುವಾದ ಟೌ ಕಣದ ದ್ರವ್ಯರಾಶಿ 1.78 ಜಿಇವಿಗೆ ಇದೇ ಸೂತ್ರ 0.27 ಕೊಡುತ್ತದೆ, ಅಳತೆಯಲ್ಲಿ ಕಂಡದ್ದು 0.3ಕ್ಕೂ ಮೇಲೆ. ಬಾಟಮ್ ಕ್ವಾರ್ಕಿನ ದ್ರವ್ಯರಾಶಿಯಾದ 4.2 ಜಿಇವಿಯವರೆಗೆ ಐದು ಬಗೆಯಿಂದ ಲೆಕ್ಕ ಹಾಕಿ, ಬಂದ ಉತ್ತರವನ್ನೇ ಹೊಸ ಆರಂಭವಾಗಿಟ್ಟು ಅದಕ್ಕಿಂತ ಕೆಳಗೆ ನಾಲ್ಕೇ ಬಗೆ ಎಣಿಸಿ, ಆಗಲೂ 0.28 ಮಾತ್ರ. ಉಳಿದ ಕೊರತೆ ತುಂಬಲು ಸೂತ್ರದ ಮುಂದಿನ ಪದಗಳು ಬೇಕು. 1 ಜಿಇವಿಯ ಆಸುಪಾಸಿನಲ್ಲಂತೂ ಈ ವಿಧಾನವನ್ನೇ ನಂಬುವಂತಿಲ್ಲ. ಕ್ವಾರ್ಕ್, ಗ್ಲೂಆನ್‌ಗಳು ಪಯಾನ್, ಪ್ರೋಟಾನ್‌ಗಳಂಥ ಕಣಗಳಾಗಿ ಹೆಪ್ಪುಗಟ್ಟುವುದು ಅಲ್ಲಿಯೇ.

ಕೊನೆಗೆ, ಆರಿಸಿದ ಶಕ್ತಿಯ ಅರ್ಧಕ್ಕೂ ಎರಡರಷ್ಟಕ್ಕೂ ಲೆಕ್ಕ ಮಾಡಿ: 500ಕ್ಕೆ 0.095, 2,000ಕ್ಕೆ 0.082. ಭೌತವಿಜ್ಞಾನಿಗಳು ತಮ್ಮ ಸೈದ್ಧಾಂತಿಕ ಲೆಕ್ಕದ ಅನಿಶ್ಚಿತತೆಯನ್ನು ಅಂದಾಜಿಸುವುದು ಶಕ್ತಿಯನ್ನು ಹೀಗೆ ಹಿಂದೆಮುಂದೆ ಸರಿಸಿಯೇ.