ಚಾಸಿಗೆ ಯಾವ ಪೈಪ್: ಚೌಕವೋ, ಉರುಟೋ?

ಹಳೇ ಕಾರಿನ ಬಾಡಿ ಇಟ್ಟುಕೊಂಡು ಎಂಜಿನ್, ಚಾಸಿ (ಬಾಡಿ, ಎಂಜಿನ್ ಹೊರುವ ಕೆಳಗಿನ ಚೌಕಟ್ಟು) ಎಲ್ಲ ಹೊಸದಾಗಿ ಕಟ್ಟುವ ಹಾಟ್ ರಾಡ್ ಹುಚ್ಚು ಅಮೆರಿಕದ್ದು. 1932ರ ಫೋರ್ಡ್ ಅಂದರೆ ಅಲ್ಲಿನವರಿಗೆ ಪ್ರಾಣ. ಬದಿಯಡ್ಕ ಹತ್ತಿರದ ನಮ್ಮ ವೆಲ್ಡಿಂಗ್ ಶಾಪಿನಲ್ಲಿ ನಾನು ಕಟ್ಟಿದ್ದೂ ಅದೇ ಜಾತಿಯದು. ಓಡಾಟ ಅಡಿಕೆ ತೋಟದೊಳಗೆ ಮಾತ್ರ. ರಸ್ತೆಗೆ ಇಳಿಸಿದರೆ ಗಾಡಿಯ ಮೂಲ ರಚನೆ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

"ಗುಜರಿ ಜೀಪಿನ ಚ್ಯಾನಲ್ ಉಂಟಲ್ಲ, ಅದೇ ಸಾಕು ಮಾರಾಯ್ರೆ" ಅಂದರು ಪಕ್ಕದ ಶಾಪಿನವರು. ನಾನು ಒಪ್ಪಲಿಲ್ಲ. ಒಂದು ಬದಿ ತೆರೆದೇ ಇರುವ ಚ್ಯಾನಲ್ ಭಾರ ಹೊರುತ್ತದೆ, ತಿರುಚಿದರೆ ಸೋಲುತ್ತದೆ. ಒಂದು ತುಂಡು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತಿರುಚಿ ನೋಡಿ, ಗೊತ್ತಾಗುತ್ತದೆ. 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಉರುಟು ಪೈಪನ್ನು ಹಾಗೆ ಸೀಳಿದರೆ ತಿರುಚನ್ನು ತಡೆಯುವ ಬಿಗಿ ಹೆಚ್ಚುಕಡಿಮೆ 180ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಳೇ ಫೋರ್ಡಿನ ಚ್ಯಾನಲಿಗೆ ಹಾಟ್ ರಾಡಿನವರು ಪ್ಲೇಟ್ ಹಾಕಿ ಮುಚ್ಚುವುದೂ ಅದಕ್ಕೇ.

ಉದ್ದದ ಎರಡು ಮೆಂಬರುಗಳಿಗೆ 100×50, 3 ಮಿ.ಮೀ. ದಪ್ಪದ ರೆಕ್ಟ್ಯಾಂಗಲ್ ಪೈಪ್ ತಂದು, 100ರ ಬದಿ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ ಹಾಕಿದೆ. ಅದನ್ನೇ ಮಲಗಿಸಿದರೆ ಬಾಗುವಿಕೆಗೆ ಎದುರು ನಿಲ್ಲುವ ಬಿಗಿ ಮೂರನೇ ಒಂದು ಪಾಲು ಮಾತ್ರ. ಅಷ್ಟೇ ತೂಕದ 75×75 ಚೌಕ ಪೈಪಿನದು ಮೂರರಲ್ಲಿ ಎರಡು ಪಾಲು. ಬ್ರಾಕೆಟ್ ಕೂರಿಸಲು ಚಪ್ಪಟೆ ಮೈ ಸಿಗುತ್ತದೆ ಅನ್ನುವುದು ಬೇರೆ.

ಅಡ್ಡ ಮೆಂಬರುಗಳಿಗೆ ಉರುಟು. ಒಂದು ಚಕ್ರ ಕಣಿಗೆ ಇಳಿದಾಗ ಇಡೀ ಚಾಸಿ ತಿರುಚಿಕೊಳ್ಳುತ್ತದಲ್ಲ, ಅಲ್ಲಿ ತೂಕಕ್ಕೆ ತಕ್ಕ ಬಿಗಿಯಲ್ಲಿ ಉರುಟನ್ನು ಮೀರಿಸುವ ಆಕಾರ ಇಲ್ಲ. ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆಯಬೇಕು ಅಂತ ಹೆದರುವವರೇ ಜಾಸ್ತಿ. ಆ ಕೆಲಸ ಬೀಳುವುದು ಉರುಟಿಗೆ ಉರುಟು ಸೇರುವಲ್ಲಿ. ಚಪ್ಪಟೆ ಮೈಗೆ ನೇರ ಕಟ್ ಸಾಕು. ಆದರೆ ಸುಮ್ನೆ 3 ಮಿ.ಮೀ. ಗೋಡೆಗೆ ಅಂಟಿಸಿದರೆ ಆ ಗೋಡೆಯೇ ಬಿರುಕು ಬಿಡಬಹುದು. ನಾನು ಹೋಲ್‌ಸಾದಿಂದ (ಉರುಟು ತೂತು ಕೊರೆಯುವ ಗರಗಸ) ಎರಡೂ ಗೋಡೆಗೆ ತೂತು ಹೊಡೆದು, ಪೈಪನ್ನು ತೂರಿಸಿ, ಒಳಗೂ ಹೊರಗೂ ಸುತ್ತ ವೆಲ್ಡ್ ಮಾಡಿದೆ. ಮೊದಲು ಎಲ್ಲ ಕಡೆ ಟ್ಯಾಕ್, ಅಂದರೆ ಹಿಡಿದು ನಿಲ್ಲುವಷ್ಟೇ ಚುಕ್ಕಿ ವೆಲ್ಡ್. ಚಾಸಿಯ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಟೇಪ್ ಹಿಡಿದು, ಎರಡೂ ಅಳತೆ ಒಂದೇ ಬಂದ ಮೇಲೆ ಪೂರ್ತಿ ವೆಲ್ಡ್.

ಸತು ಲೇಪಿಸಿದ ನೀರಿನ ಜಿಐ ಪೈಪ್ ಬೇಡವೇ ಬೇಡ. ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಮುಚ್ಚಿದ ಪೈಪಿಗೆ ಕಾಸರಗೋಡಿನ ಮಳೆಯದೇ ಕಾಟ. ಒಳಗೆ ನೀರು ನಿಂತರೆ ತುಕ್ಕು ಹೊರಗೆ ಕಾಣುವುದೇ ಇಲ್ಲ. ತುದಿಗಳಿಗೆ ಪ್ಲೇಟ್ ವೆಲ್ಡ್ ಮಾಡಿ ಮುಚ್ಚಿದೆ. ಬೋಲ್ಟ್ ಬರುವಲ್ಲೆಲ್ಲ ಸಣ್ಣ ಪೈಪಿನ ಸ್ಲೀವ್ ತೂರಿಸಿ ವೆಲ್ಡ್ ಮಾಡಿದೆ. ಸ್ಲೀವ್ ಇದ್ದರೆ ನಟ್ ಬಿಗಿದಾಗ ಪೈಪ್ ಒಳಕ್ಕೆ ತಗ್ಗುವುದಿಲ್ಲ, ತೂತಿನಿಂದ ನೀರೂ ಇಳಿಯುವುದಿಲ್ಲ.