ಒಂದೇ ನಾಣ್ಯ, ಮೂರು ಸ್ಲ್ಯಾಬ್: ಗ್ರೇಡಿಂಗ್ ಸಂಸ್ಥೆಗಳನ್ನು ನಾನು ಒರೆಗೆ ಹಚ್ಚಿದ ಬಗೆ

ನಾಣ್ಯದ ಸ್ಥಿತಿ ನೋಡಿ ಅಂಕಿ ಕೊಟ್ಟು, ‘ಸ್ಲ್ಯಾಬ್’ ಎಂಬ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕಳುಹಿಸುವುದು ಗ್ರೇಡಿಂಗ್ ಸಂಸ್ಥೆಗಳ ಕೆಲಸ. ಆರು ಮಾರ್ಗನ್ ಡಾಲರ್‌ಗಳನ್ನು, ಅಂದರೆ ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳನ್ನು, ಸರದಿಯಲ್ಲಿ ಅಂಥ ಮೂರು ಸಂಸ್ಥೆಗಳಿಗೆ ಕಳುಹಿಸುತ್ತೇನೆ ಎಂದಾಗ ಸಂಗ್ರಾಹಕ ಗೆಳೆಯರೆಲ್ಲ ನಕ್ಕರು. ‘ಬೆಳ್ಳಿಗಿಂತ ಪ್ಲಾಸ್ಟಿಕ್ಕಿಗೇ ಹೆಚ್ಚು ಸುರಿಯುತ್ತೀಯ’ ಎಂದ ಒಬ್ಬ. ಮೊದಲ ವರ್ಷ ಅವನ ಮಾತೇ ನಿಜವಾಯಿತು. ಆದರೆ ಈಚೆಗೆ ಕಳುಹಿಸಿದ ಹನ್ನೊಂದರಲ್ಲಿ ಒಂಬತ್ತು ನಾಣ್ಯಗಳು ನಾನು ಮೊದಲೇ ಬರೆದಿಟ್ಟ ಅಂಕಿಯನ್ನೇ ಹೊತ್ತು ಬಂದಿವೆ. ಇನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊದಲು ಸೋಲಿನ ಕಥೆ. ನನ್ನ ಮೊದಲ ಕಂತಿನಲ್ಲಿ ಹತ್ತು ನಾಣ್ಯಗಳಿದ್ದವು. ನಾಲ್ಕು ‘ಡೀಟೇಲ್ಸ್’ (ಅಸಲಿ ಹೌದು, ಆದರೆ ಕೆಟ್ಟಿದೆ ಎಂದರ್ಥ) ಎಂಬ ಹಣೆಪಟ್ಟಿಯೊಂದಿಗೆ, ಅಂಕಿಯೇ ಇಲ್ಲದೆ ಮರಳಿದವು. ಅವುಗಳಲ್ಲಿ ಮೂರನ್ನು ಹಿಂದೆ ಯಾರೋ ಉಜ್ಜಿ ತೊಳೆದಿದ್ದರು. ಕೂದಲೆಳೆಯಂಥ ಗೀರುಗಳು ನನ್ನ ಕಣ್ಣಿಗೆ ಬೀಳಲೇ ಇಲ್ಲ, ಏಕೆಂದರೆ ನಾನು ನೋಡುತ್ತಿದ್ದದ್ದು ಟ್ಯೂಬ್‌ಲೈಟಿನ ಕೆಳಗೆ. ಆ ಹರಡಿದ ಬೆಳಕು ಎಲ್ಲ ಪಾಪವನ್ನೂ ಮುಚ್ಚುತ್ತದೆ. ಕತ್ತಲ ಕೋಣೆಯಲ್ಲಿ ಒಂದೇ ಒಂದು ತಂತಿ ಬಲ್ಬಿನ ಕೆಳಗೆ ಹಿಡಿದು ಓರೆಯಾಗಿ ತಿರುಗಿಸಿದಾಗ ಮೂರೂ ಬಣ್ಣ ಬಯಲು ಮಾಡಿದವು. ಶುಲ್ಕ, ಹೋಗಿಬರುವ ಅಂಚೆ, ವಿಮೆ ಎಲ್ಲ ಸೇರಿ ಆ ಕಂತಿಗೆ 400 ಡಾಲರ್‌ನಷ್ಟು ಖರ್ಚಾಗಿತ್ತು. ಬಲ್ಬಿಗೆ ಎಷ್ಟಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಎರಡನೆಯ ತಪ್ಪು ಬೇರೆ ಬಗೆಯದು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1884ರ ಡಾಲರ್‌ವೊಂದರಲ್ಲಿ ಮುಂಬದಿಯ ಲಿಬರ್ಟಿ ಎಂಬ ಹೆಣ್ಣಿನ ಕಿವಿಯ ಮೇಲಿನ ಕೂದಲೂ ಹಿಂಬದಿಯ ಹದ್ದಿನ ಎದೆಯೂ ಚಪ್ಪಟೆಯಾಗಿದ್ದವು. ಸವೆದಿದೆ ಎಂದುಕೊಂಡು ಬಿಡಿ ನಾಣ್ಯವಾಗಿ ಮಾರಿಬಿಟ್ಟೆ. ಆ ಟಂಕಸಾಲೆಯ ಡಾಲರ್‌ಗಳಲ್ಲಿ ಅಚ್ಚು ಸರಿಯಾಗಿ ಬೀಳದಿರುವುದು ಸಾಮಾನ್ಯ. ಗೊತ್ತಿದ್ದ ವಿಷಯವೇ, ಹೊತ್ತಿಗೆ ನೆನಪಾಗಲಿಲ್ಲ. ಸವೆದಿದ್ದರೆ ಗಾಲಿಯ ಅರಗಳಂತೆ ಸುತ್ತುವ ಹೊಳಪು ಅಲ್ಲಿ ಮುರಿಯಬೇಕಿತ್ತು; ಅಚ್ಚು ಮೆಲ್ಲಗೆ ಬಿದ್ದಿದ್ದರೆ ಚಪ್ಪಟೆ ಜಾಗದ ಮೇಲೂ ಅದು ಹಾಯುತ್ತದೆ. ಕೊಂಡವರು ಅದನ್ನು ಸ್ಲ್ಯಾಬ್ ಮಾಡಿಸಿ ನನಗೇ ಚಿತ್ರ ಕಳುಹಿಸಿದರು: ಎಂಎಸ್ (ಮಿಂಟ್ ಸ್ಟೇಟ್, ಅಂದರೆ ಬಳಕೆಯಲ್ಲಿ ಸವೆಯದ್ದು) 64.

ಅದಾದ ಮೇಲೆ ಹುಟ್ಟಿದ್ದು ಲಕೋಟೆಯ ಪದ್ಧತಿ. ನಾಣ್ಯ ನೋಡಿ ನನ್ನ ಗ್ರೇಡು ಬರೆದು ಲಕೋಟೆಗೆ ಅಂಟು ಹಾಕುತ್ತೇನೆ. ಮೂರು ವಾರ ಬಿಟ್ಟು ಮತ್ತೆ ನೋಡಿ ಮತ್ತೆ ಬರೆಯುತ್ತೇನೆ. ಎರಡರ ನಡುವೆ ಒಂದು ಅಂಕಿಗಿಂತ ಹೆಚ್ಚು ಅಂತರವಿದ್ದರೆ ನಾಣ್ಯ ಎಲ್ಲಿಗೂ ಹೋಗುವುದಿಲ್ಲ. ಕೆನ್ನೆಯ ಗೀರುಗಳಿಗೆ ಎಷ್ಟು, ಚಿತ್ರವಿಲ್ಲದ ಬಯಲಿನ ಗೀರುಗಳಿಗೆ ಎಷ್ಟು ಕಳೆಯುತ್ತೇನೆ ಎಂಬ ಲೆಕ್ಕ ನನ್ನ ಪುಸ್ತಕದಲ್ಲೇ ಇರಲಿ.

ಮೂರು ಸಂಸ್ಥೆಗಳ ಸುತ್ತಾಟಕ್ಕೆ ಬರೋಣ. ಪಿಸಿಜಿಎಸ್, ಎನ್‌ಜಿಸಿ, ಅನಾಕ್ಸ್ ಮೂರಕ್ಕೂ ಅಳತೆಗೋಲು ಒಂದೇ, ಶೆಲ್ಡನ್ ಎಂಬಾತ ರೂಪಿಸಿದ 70 ಅಂಕಿಗಳದು. ಒಂದರಿಂದ ಬಂದ ಸ್ಲ್ಯಾಬ್ ಒಡೆದು ಬಿಡಿ ನಾಣ್ಯವನ್ನೇ ಮುಂದಿನದಕ್ಕೆ ಕಳುಹಿಸಿದೆ. ಹಳೆಯ ಚೀಟಿ ಕಂಡರೆ ಗ್ರೇಡ್ ಹಾಕುವವರ ಮನಸ್ಸು ಅತ್ತ ವಾಲೀತು ಎಂಬ ಅನುಮಾನ ನನಗಿತ್ತು. ಹೀಗೆ ಒಡೆಯುವಾಗ ಒಮ್ಮೆ ಇಕ್ಕಳ ಜಾರಿ ಲಿಬರ್ಟಿಯ ಕೆನ್ನೆಗೇ ತಗುಲಿತು. ಮಾರ್ಗನ್‌ನಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ. ಆ ಒಂದು ಗೀರಿಗೆ ನೂರು ಡಾಲರ್‌ಗಿಂತ ಹೆಚ್ಚು ಹೋಯಿತು. ಆ ನಾಣ್ಯವನ್ನು ಕೈಬಿಟ್ಟು ಇನ್ನೊಂದನ್ನು ಸೇರಿಸಿಕೊಂಡೆ. ಈಗ ಒಡೆಯುವ ರೀತಿ ಬೇರೆ. ಅದನ್ನು ಹೇಳುವುದಿಲ್ಲ.

ಫಲಿತಾಂಶ ನಾನೆಣಿಸಿದಂತೆ ಇರಲಿಲ್ಲ. ಆರರಲ್ಲಿ ಮೂರಕ್ಕೆ ಎಲ್ಲರೂ ಒಂದೇ ಅಂಕಿ ಕೊಟ್ಟರು. ಎರಡರಲ್ಲಿ ಒಂದು ಅಂಕಿಯ ವ್ಯತ್ಯಾಸ. ಆರನೆಯದು ಅಂಚಿನಲ್ಲಿ ನೀಲಿ, ನಡುವೆ ಚಿನ್ನದ ಬಣ್ಣಕ್ಕೆ ತಿರುಗಿದ 1881ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರ್. ಅದಕ್ಕೆ ಒಂದು ಕಡೆ 64, ಇನ್ನೊಂದು ಕಡೆ 65, ಮೂರನೆಯ ಕಡೆ ‘ಬಣ್ಣ ಅನುಮಾನಾಸ್ಪದ’, ಅಂದರೆ ಯಾರೋ ಬೇಕೆಂದೇ ಬರಿಸಿದ್ದಿರಬಹುದು ಎಂಬ ಷರಾ. ಯಾರು ಏನೆಂದರು ಎಂದು ಹೆಸರು ಹೇಳಿ ಜಗಳಕ್ಕೆ ಕರೆಯಲಾರೆ, ಯಾಕೆಂದರೆ ಹಟಕ್ಕೆ ಬಿದ್ದು ವ್ಯತ್ಯಾಸ ಬಂದಿದ್ದ ಎರಡು ನಾಣ್ಯಗಳನ್ನು ಮೂರರಲ್ಲಿ ಒಂದೇ ಸಂಸ್ಥೆಗೆ ಎರಡನೆಯ ಸಲ ಕಳುಹಿಸಿದೆ. ಒಂದು 63ರಿಂದ 64ಕ್ಕೆ ಏರಿತು. ಸಂಸ್ಥೆ ಸಂಸ್ಥೆಗಳ ನಡುವಿನ ಅಂತರದಷ್ಟೇ ಒಂದೇ ಸಂಸ್ಥೆಯ ಎರಡು ದಿನಗಳ ನಡುವೆಯೂ ಇದೆ. ಯಾರು ಬಿಗಿ, ಯಾರು ಸಡಿಲ ಎಂಬ ಚರ್ಚೆಯನ್ನು ಅಂದೇ ಬಿಟ್ಟೆ.

ಈಗ ನಾಣ್ಯದ ಗತಿ ನೋಡಿ ಸಂಸ್ಥೆ ಆರಿಸುತ್ತೇನೆ. ಮಾರುವುದಿದ್ದರೆ ಪಿಸಿಜಿಎಸ್ ಅಥವಾ ಎನ್‌ಜಿಸಿ. ಸ್ಲ್ಯಾಬಿನ ಗ್ರೇಡನ್ನು ಮತ್ತೊಮ್ಮೆ ಪರಿಶೀಲಿಸುವ ಸಿಎಸಿ ಎಂಬ ಸಂಸ್ಥೆಯ ಹಸಿರು ಚೀಟಿ ಬೇಕೆಂದರೂ ಈ ಎರಡರಲ್ಲೊಂದರ ಸ್ಲ್ಯಾಬ್ ಇರಬೇಕು. ಅಚ್ಚಿನ ಪ್ರಭೇದ ಗುರುತಿಸಿದ ‘ವ್ಯಾಮ್’ ಸಂಖ್ಯೆಯೊಂದಿಗೆ ನನ್ನ ಬಳಿಯೇ ಉಳಿಯುವುದಾದರೆ ಅನಾಕ್ಸ್ ಸಾಕು. ಒಟ್ಟು ಖರ್ಚು ನಾಣ್ಯಕ್ಕೆ ಸುಮಾರು 45 ಡಾಲರ್ ಬೀಳುತ್ತದೆ. ನನ್ನ ಅಂದಾಜಿನ ಗ್ರೇಡಿಗೂ ಅದರ ಕೆಳಗಿನದಕ್ಕೂ ಮಾರುಕಟ್ಟೆಯಲ್ಲಿ ಈ ಖರ್ಚಿನ ಮೂರುಪಟ್ಟು ಬೆಲೆಯ ಅಂತರವಿಲ್ಲದಿದ್ದರೆ ಕಳುಹಿಸುವುದೇ ಇಲ್ಲ. ಈ ಜರಡಿಯಲ್ಲಿ ಹತ್ತಕ್ಕೆ ಏಳು ಇಲ್ಲೇ ಉಳಿಯುತ್ತವೆ.

ನಡುವೆ ಒಂದಷ್ಟು ಹುಚ್ಚಾಟವನ್ನೂ ಆಡಿದೆ. ಮೆತ್ತನೆಯ ಪ್ಲಾಸ್ಟಿಕ್ ಚೀಲದಿಂದ ಅಂಟಿದ ಹಸಿರು ಜಿಡ್ಡನ್ನು ಶುದ್ಧ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ ತೆಗೆದೆ. ಆ ನಾಣ್ಯಕ್ಕೆ ಅಂಕಿ ಸಿಕ್ಕಿತು. ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆಯ ಪ್ರಯೋಗಕ್ಕೆ ಒಂದು ಸಾಧಾರಣ 1921ರ ಡಾಲರ್ ಬಲಿಯಾಗಿ ಸತ್ತ ಬಿಳುಪಿಗೆ ತಿರುಗಿತು. ಇನ್ನೊಂದನ್ನು ಗಂಧಕವಿರುವ ಹಳೆಯ ಕಂದು ಲಕೋಟೆಯಲ್ಲಿ ಏಳೆಂಟು ತಿಂಗಳು ಇಟ್ಟೆ. ಬಣ್ಣವೇನೋ ಬಂತು, ಮೂಗಿನ ತುದಿಗೆ ಮಾತ್ರ! ಎರಡೂ ಮೇಜಿನ ಖಾನೆಯಲ್ಲಿವೆ, ಮಾರಾಟಕ್ಕಲ್ಲ.

ಪ್ಲಾಸ್ಟಿಕ್ಕಿಗೆ ಸುರಿಯುತ್ತೀಯ ಎಂದಿದ್ದ ಗೆಳೆಯ ಕಳೆದ ತಿಂಗಳು ತನ್ನ ಏಳು ನಾಣ್ಯಗಳನ್ನು ‘ಸುಮ್ಮನೆ ನೋಡು’ ಎಂದು ತಂದುಕೊಟ್ಟ. ಎರಡನ್ನು ಕಳುಹಿಸಲು ಹೇಳಿದೆ. ಉಳಿದ ಐದರಲ್ಲಿ ಮೂರು ತೊಳೆದವು. ಅವನಿಗೆ ಇನ್ನೂ ಒಪ್ಪಿಗೆಯಾಗಿಲ್ಲ, ಬಲ್ಬನ್ನು ಮಾತ್ರ ಎರವಲು ಒಯ್ದಿದ್ದಾನೆ.