ತೊಗರಿ ಮಾರುವುದೋ, ಇಡುವುದೋ? ಮೊದಲು ಮನಸ್ಸಿನ ಲೆಕ್ಕ ತಿದ್ದಿಕೊಳ್ಳಿ

ರಾಶಿ ಮುಗಿದು ಚೀಲ ತುಂಬಿದ ಮೇಲೆ ಕಲಬುರಗಿ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಈಗಲೇ ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಒಯ್ಯುವುದೋ, ಧಾರಣೆ ಏರುವ ತನಕ ಕಾಯುವುದೋ? ಲೆಕ್ಕ ಹಾಕಿಯೇ ತೀರ್ಮಾನ ಮಾಡುತ್ತೇವೆ ಅಂದುಕೊಂಡಿರುತ್ತೇವೆ. ಬಹಳ ಸಲ ತೀರ್ಮಾನ ಮೊದಲೇ ಆಗಿರುತ್ತದೆ, ಲೆಕ್ಕ ಆಮೇಲೆ ಬರುತ್ತದೆ.

ಮೊದಲ ಹೆಜ್ಜೆ: ಹಳೇ ಧಾರಣೆ ಬದಿಗಿಡಿ

2024ರಲ್ಲಿ ತೊಗರಿ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತ್ತು. ಆ ಅಂಕಿ ತಲೆಯಲ್ಲಿ ಕೂತರೆ ಆಮೇಲಿನದ್ದೆಲ್ಲ ಕಡಿಮೆಯೇ ಅನಿಸುತ್ತದೆ. "ಕಾಕಾ, ಏಳೂವರಿ ನಡದದ, ಕೊಡ್ತೀರೇನು?" ಅಂತ ಅಡತಿಯವರು (ಗಂಜ್‌ನ ದಲ್ಲಾಳಿಗಳು) ಕೇಳಿದರೆ, "ಹತ್ತಕ್ಕ ಮಾರಿದ ಮಾಲು, ಏಳೂವರಿಗಿ ಹ್ಯಾಂಗ ಕೊಡ್ಲಿ?" ಅನ್ನುವ ಉತ್ತರ ರೆಡಿ.

ಡೇನಿಯಲ್ ಕಾನ್ಮನ್ ಮತ್ತು ಏಮೊಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಅಂಕಿಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತಾಗ ಜನ ಸುಮಾರು 25 ಅಂದರು, 65ಕ್ಕೆ ನಿಂತಾಗ 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ!

ಎರಡನೆಯದು: ಪ್ರಶ್ನೆ ತಿರುಗಿಸಿ ಕೇಳಿ

ಮನೆಯಲ್ಲಿ ತೊಗರಿಯೇ ಇಲ್ಲ, ಅಷ್ಟೇ ದುಡ್ಡು ಕೈಯಲ್ಲಿದೆ ಅಂದುಕೊಳ್ಳಿ. ಇವತ್ತಿನ ಧಾರಣೆಗೆ ತೊಗರಿ ಕೊಂಡು ಇಡುತ್ತೀರಾ? "ಇಲ್ಲಪ್ಪ" ಅನಿಸಿದರೆ, ಇದ್ದದ್ದನ್ನು ಇಟ್ಟುಕೊಳ್ಳಲು ಕಾರಣ ಏನು? ನಮ್ಮದು ಅಂದ ಕೂಡಲೇ ಅದರ ಬೆಲೆ ನಮ್ಮ ಕಣ್ಣಲ್ಲಿ ಜಾಸ್ತಿ ಆಗುತ್ತದೆ, ಅಷ್ಟೇ.

ಈಗ ಪೆನ್ನು ಹಿಡಿಯಿರಿ. ಹತ್ತು ಕ್ವಿಂಟಲ್, 7,500ರಂತೆ 75,000 ರೂಪಾಯಿ. ಅಷ್ಟೇ ಸಾಲ ನಿಮ್ಮ ತಲೆ ಮೇಲಿದ್ದು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 1,500. ನಾಲ್ಕು ತಿಂಗಳು ಕಾದರೆ 6,000. ಧಾರಣೆ 8,100 ಆದರೂ ಲಾಭ ಇಲ್ಲ, ಸರಿಸಮ ಮಾತ್ರ. ಕಾಳು ಒಣಗಿ ತೂಕ ಇಳಿಯುವುದು, ಹುಳ ಬೀಳುವುದು ಬೇರೆ. ಸಾಲ ಇಲ್ಲದವರ ಲೆಕ್ಕ ಬೇರೆ ಬಿಡಿ. ಅಡತಿಯಲ್ಲಿ ಮುಂಗಡ ತೆಗೆದುಕೊಂಡವರದಂತೂ ಕೈ ಕಟ್ಟಿದ ಸ್ಥಿತಿ, ಅದನ್ನು ಮನಸ್ಸಿನ ತಪ್ಪು ಅನ್ನಲಾಗದು.

ಮೂರನೆಯದು: ಒಲ್ಲದ ಮಾತು ಹುಡುಕಿ

"ಧಾರಣೆ ಏರುತ್ತದೆ" ಅನ್ನುವ ವಿಡಿಯೊ ಸಿಕ್ಕರೆ ಪೂರ್ತಿ ನೋಡುತ್ತೇವೆ, "ಇಳಿಯುತ್ತದೆ" ಅಂದರೆ ಮುಂದಕ್ಕೆ ತಳ್ಳುತ್ತೇವೆ. ಬೇಕಂತಲೇ ಎರಡನೆಯದನ್ನು ನೋಡಿ. ಮೊಜಾಂಬಿಕ್, ಮ್ಯಾನ್ಮಾರ್ ಕಡೆಯಿಂದ ತೊಗರಿ ಬರುತ್ತದೆ, ಅದು ನಮ್ಮ ಗಂಜ್‌ನ ಧಾರಣೆಯನ್ನೂ ಕೆಳಗೆ ಎಳೆಯುತ್ತದೆ. ಇನ್ನೊಂದು ಮಾತು: ಕಾದು ಗೆದ್ದವರು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಾರೆ, ಕಾದು ಸೋತವರು ಸುಮ್ನೆ ಇರುತ್ತಾರೆ. ಅವರನ್ನು ನೀವೇ ಹೋಗಿ ಕೇಳಬೇಕು.

ನಾಲ್ಕನೆಯದು: ಗಂಜ್‌ಗೆ ಹೋಗುವ ಮೊದಲೇ ಬರೆದಿಡಿ

ಎಷ್ಟಕ್ಕೆ ಕೊಡುತ್ತೇನೆ, ಯಾವ ತಾರೀಕಿನ ತನಕ ಕಾಯುತ್ತೇನೆ, ಯಾಕೆ. ಕ್ಯಾಲೆಂಡರ್ ಹಿಂದೆ ಬರೆದರೂ ಸಾಕು. ಬರೆದಿಡದಿದ್ದರೆ ಆಮೇಲೆ "ನನಗೆ ಮೊದಲೇ ಗೊತ್ತಿತ್ತು" ಅಂತ ಮನಸ್ಸು ಸುಳ್ಳು ಹೇಳುತ್ತದೆ. ಪೂರ್ತಿ ತೀರ್ಮಾನ ಆಗದಿದ್ದರೆ ಅರ್ಧ ಮಾರಿ, ಅರ್ಧ ಇಡಿ.

ಬೆಂಬಲ ಬೆಲೆಯನ್ನೂ ಪಕ್ಕದಲ್ಲೇ ಬರೆಯಿರಿ. 2025-26ಕ್ಕೆ ಅದು ಕ್ವಿಂಟಲ್‌ಗೆ 8,000. ಗಂಜ್‌ನಲ್ಲಿ ಅದಕ್ಕಿಂತ ಕಡಿಮೆ ನಡೆದಿದ್ದರೆ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಆಧಾರ್, ಪಾಸ್‌ಬುಕ್ ಹಿಡಿದು ಖರೀದಿ ಕೇಂದ್ರದಲ್ಲಿ ಹೆಸರು ಬರೆಸುವುದು ಮೊದಲ ಕೆಲಸ. ನೋಂದಣಿಗೆ ಕೊನೆ ದಿನ ಇರುತ್ತದೆ, ಕೇಳಿಕೊಂಡೇ ಹೋಗಿ.